ಕೇಂದ್ರ ಅಭಿಧಮನಿ ಕ್ಯಾಥೆಟರ್: ಸುರಕ್ಷಿತವಾಗಿ ತೆಗೆಯುವ ಕ್ರಮ

ಕತ್ತಿನ, ಕಾಲರ್ ಬೋನಿನ ಕೆಳಗಿನ, ತೊಡೆಸಂದಿನ ಅಥವಾ ತೋಳಿನ ಅಭಿಧಮನಿಯಿಂದ ಒಳಹೊಕ್ಕು, ಹೃದಯಕ್ಕೆ ರಕ್ತ ತರುವ ಮಹಾಸಿರೆಯಲ್ಲಿ ತುದಿ ನಿಲ್ಲುವಂತೆ ಇರಿಸುವ ಮೆದುವಾದ ನಳಿಕೆಯೇ ಕೇಂದ್ರ ಅಭಿಧಮನಿ ಕ್ಯಾಥೆಟರ್. ಆಸ್ಪತ್ರೆಯ ಮಾತಿನಲ್ಲಿ ಇದು ‘ಸೆಂಟ್ರಲ್ ಲೈನ್’. ರೋಗಿಯ ಮನೆಯವರಿಗೆ ‘ಕತ್ತಿನ ಪೈಪು’. ಕುಸಿದ ರಕ್ತದೊತ್ತಡವನ್ನು ಎತ್ತಿಹಿಡಿಯುವ ಔಷಧಿ, ಕೀಮೋಥೆರಪಿ, ಬಾಯಿಂದ ಉಣ್ಣಲಾಗದವರಿಗೆ ರಕ್ತದ ಮೂಲಕ ಕೊಡುವ ಪೋಷಣೆ, ತುರ್ತು ಡಯಾಲಿಸಿಸ್ ಎಲ್ಲಕ್ಕೂ ಇದು ಬೇಕು. ಕೆಲಸ ಮುಗಿದ ಮೇಲೆ ಇದನ್ನು ಹೊರತೆಗೆಯಲು ಹಿಡಿಯುವುದು ಕೆಲವೇ ನಿಮಿಷ. ಆ ನಿಮಿಷಗಳಲ್ಲಿ ಮತ್ತು ಅದರ ನಂತರದ ಒಂದು ದಿನದಲ್ಲಿ ಆಗಬಹುದಾದ ಅನಾಹುತಗಳು ಮುಖ್ಯವಾಗಿ ನಾಲ್ಕು ಬಗೆಯವು: ರಕ್ತನಾಳಕ್ಕೆ ಗಾಳಿ ನುಗ್ಗುವುದು, ರಕ್ತಸ್ರಾವ, ನಳಿಕೆ ತುಂಡಾಗಿ ಒಳಗುಳಿಯುವುದು, ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗುವುದು. ಇವುಗಳಲ್ಲಿ ಮೊದಲನೆಯದು ವಿರಳ, ಆದರೆ ಅತಿ ಘೋರ. ಅದನ್ನು ತಡೆಯಲು ದುಬಾರಿ ಉಪಕರಣ ಯಾವುದೂ ಬೇಡ.

ಇಂಥ ನಳಿಕೆಯನ್ನು ಒಳಹಾಕುವ ಕತೆ ಹಳೆಯದು. 1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆ ಪಟ್ಟಣದ ಆಸ್ಪತ್ರೆಯಲ್ಲಿ ಯುವ ವೈದ್ಯ ವೆರ್ನರ್ ಫೋರ್ಸ್‌ಮನ್ ಮೂತ್ರನಾಳಕ್ಕೆ ಬಳಸುವ ಕ್ಯಾಥೆಟರೊಂದನ್ನು ತನ್ನ ತೋಳಿನ ಸಿರೆಯಿಂದಲೇ 65 ಸೆಂ.ಮೀ. ಒಳಕ್ಕೆ ತೂರಿಸಿಕೊಂಡು, ನಡೆದೇ ಎಕ್ಸ್‌ರೇ ಕೋಣೆಗೆ ಹೋಗಿ, ತುದಿ ಹೃದಯದಲ್ಲಿರುವುದನ್ನು ಚಿತ್ರ ತೆಗೆಸಿ ತೋರಿಸಿದ. 1956ರಲ್ಲಿ ಆಂದ್ರೆ ಕೂರ್ನಾಂಡ್ ಮತ್ತು ಡಿಕಿನ್ಸನ್ ರಿಚರ್ಡ್ಸ್ ಜೊತೆಗೆ ಅವನಿಗೆ ನೊಬೆಲ್ ಬಂತು. 1952ರಲ್ಲಿ ಫ್ರೆಂಚ್ ವೈದ್ಯ ರೋಬೆರ್ ಓಬಾನ್ಯಾಕ್ ಕಾಲರ್ ಬೋನಿನ ಕೆಳಗಿನ ಅಭಿಧಮನಿಗೆ ದಾರಿ ತೋರಿಸಿದರೆ, ಮರುವರ್ಷ ಸ್ವೀಡನ್ನಿನ ಸ್ವೆನ್ ಐವರ್ ಸೆಲ್ಡಿಂಗರ್ ಸೂಜಿಯೊಳಗಿಂದ ತಂತಿ ಹಾಯಿಸಿ, ತಂತಿಯ ಮೇಲೆ ನಳಿಕೆ ಜಾರಿಸುವ ಉಪಾಯ ಪ್ರಕಟಿಸಿದ. ಇಂದಿಗೂ ಐಸಿಯುಗಳಲ್ಲಿ ನಡೆಯುವುದು ಅದೇ ಉಪಾಯ. ಚರ್ಮದಡಿಯ ಸುರಂಗದಲ್ಲಿ ತಿಂಗಳುಗಟ್ಟಲೆ ಉಳಿಯುವ ಬ್ರೋವಿಯಾಕ್ ನಳಿಕೆ 1973ರಲ್ಲೂ ಹಿಕ್‌ಮನ್ ನಳಿಕೆ 1979ರಲ್ಲೂ ಬಂದವು. ಒಳಹಾಕುವ ವಿದ್ಯೆಗೆ ಹೀಗೆ ಹೆಸರು, ಇಸವಿಗಳ ಸಾಲೇ ಇದೆ. ತೆಗೆಯುವ ವಿದ್ಯೆಗೆ ಅಂಥ ಚರಿತ್ರೆಯಿಲ್ಲ, ಹಲವು ಕಡೆ ಅದಕ್ಕೆ ತಕ್ಕ ತರಬೇತಿಯೂ ಇಲ್ಲ. ಹಾಕುವಾಗ ಹಿರಿಯ ವೈದ್ಯರು, ಅಲ್ಟ್ರಾಸೌಂಡ್, ಒಪ್ಪಿಗೆ ಪತ್ರ, ಕೊನೆಗೊಂದು ಎಕ್ಸ್‌ರೇ ಇರುತ್ತವೆ. ತೆಗೆಯುವ ಕೆಲಸ ಡಿಸ್ಚಾರ್ಜಿನ ಗಡಿಬಿಡಿಯಲ್ಲಿ, ಬಿಲ್ಲು ಬರುವುದರೊಳಗೆ ಮುಗಿಯಬೇಕಾದ ಬಾಕಿ ಕೆಲಸವಾಗಿ, ಡ್ಯೂಟಿಯಲ್ಲಿರುವ ಅತಿ ಕಿರಿಯರ ಪಾಲಿಗೆ ಬೀಳುತ್ತದೆ. ಕಿರಿಯರು ತೆಗೆಯುವುದರಲ್ಲಿ ತಪ್ಪಿಲ್ಲ. ಕಲಿಸದೆ ತೆಗೆಸುವುದು ತಪ್ಪು.

ಗಾಳಿಯ ಅಪಾಯ

ನಿಂತ ಅಥವಾ ಕುಳಿತ ಮನುಷ್ಯನ ಕತ್ತಿನ ಅಭಿಧಮನಿಗಳು ಹೃದಯಕ್ಕಿಂತ ಎತ್ತರದಲ್ಲಿರುತ್ತವೆ. ಅಲ್ಲಿನ ಒತ್ತಡ ಹೊರಗಿನ ವಾಯುಮಂಡಲದ ಒತ್ತಡಕ್ಕಿಂತ ಕೆಳಗಿಳಿಯಬಹುದು; ಉಸಿರನ್ನು ಒಳಗೆಳೆದುಕೊಂಡಾಗ ಎದೆಗೂಡಿನ ಒತ್ತಡ ಮತ್ತಷ್ಟು ತಗ್ಗಿ, ಸಿರೆಯಲ್ಲಿ ಹೀರುವ ಬಲ ಹುಟ್ಟುತ್ತದೆ. ಚರ್ಮ ಮುಚ್ಚಿರುವತನಕ ಇದರಿಂದ ಏನೂ ಆಗದು. ಆದರೆ ನಳಿಕೆ ಕೆಲವು ದಿನ ಒಂದೇ ಕಡೆ ಇದ್ದರೆ ಚರ್ಮದಿಂದ ಸಿರೆಯವರೆಗೆ ಅದರ ಸುತ್ತ ಒಂದು ಗಟ್ಟಿ ಹಾದಿ ಬೆಳೆದಿರುತ್ತದೆ. ನಳಿಕೆಯನ್ನು ಎಳೆದ ಕೂಡಲೇ ಆ ಹಾದಿ ಕುಸಿದು ಮುಚ್ಚಿಕೊಳ್ಳುತ್ತದೆಂದು ನಂಬಿ ಕೂರುವಂತಿಲ್ಲ. ವಾರಗಟ್ಟಲೆ ಇದ್ದ ನಳಿಕೆ, ಸೊರಗಿ ಕೊಬ್ಬು ಕರಗಿದ ದೇಹ, ನೀರಿನಂಶ ಕಡಿಮೆಯಾದ ರೋಗಿ, ಬಿಡದ ಕೆಮ್ಮು ಇವೆಲ್ಲ ಅಪಾಯವನ್ನು ಹೆಚ್ಚಿಸುತ್ತವೆ.

ಎಷ್ಟು ಗಾಳಿ ಹೋದೀತು? ಸಿರೆಗೂ ಹೊರಗಿನ ಗಾಳಿಗೂ ನಡುವೆ ಬರೀ 5 ಸೆಂ.ಮೀ. ನೀರಿನಷ್ಟು ಒತ್ತಡದ ವ್ಯತ್ಯಾಸವಿದ್ದರೆ, 14 ಗೇಜ್ ಸೂಜಿಯಷ್ಟು ರಂಧ್ರದಿಂದ ಒಂದು ಸೆಕೆಂಡಿಗೆ ಸುಮಾರು 100 ಮಿ.ಲೀ. ಗಾಳಿ ಒಳನುಗ್ಗಬಲ್ಲದು. ವಯಸ್ಕರಲ್ಲಿ ಒಮ್ಮೆಗೆ 200ರಿಂದ 300 ಮಿ.ಲೀ. ಹೋದರೆ ಪ್ರಾಣಕ್ಕೆ ಎರವಾಗಬಹುದೆಂಬುದು ವೈದ್ಯಶಾಸ್ತ್ರದ ಅಂದಾಜು. ಎರಡನ್ನೂ ಜೋಡಿಸಿ ನೋಡಿದರೆ ಎರಡು ಮೂರು ಸೆಕೆಂಡಿನ ಅಜಾಗರೂಕತೆ ಸಾಕು. ಡಯಾಲಿಸಿಸ್ ನಳಿಕೆಯ ರಂಧ್ರ ಇನ್ನೂ ದೊಡ್ಡದು: 12 ಫ್ರೆಂಚ್ ಎಂದರೆ 4 ಮಿ.ಮೀ. ಅಡ್ಡಳತೆ. ಐಸಿಯುವಿನ ಸಾಮಾನ್ಯ ಮೂರು ಕವಲಿನ ನಳಿಕೆ 7 ಫ್ರೆಂಚ್, ಅಂದರೆ 2.3 ಮಿ.ಮೀ. ಆಸುಪಾಸು.

ಒಳಹೋದ ಗಾಳಿ ಬಲ ಹೃತ್ಕುಕ್ಷಿಯಲ್ಲಿ, ಶ್ವಾಸಕೋಶದತ್ತ ರಕ್ತ ಹೊರಡುವ ಬಾಯಿಯಲ್ಲಿ ಸೇರಿಕೊಳ್ಳುತ್ತದೆ. ಗಾಳಿ ಹಿಡಿದ ಪಂಪ್‌ಸೆಟ್ಟು ಓಡುತ್ತಲೇ ಇದ್ದರೂ ನೀರೆತ್ತದ ಹಾಗೆ, ಹೃದಯ ಬಡಿಯುತ್ತಲೇ ಇದ್ದರೂ ರಕ್ತ ಮುಂದೆ ಹೋಗುವುದಿಲ್ಲ. ರೋಗಿಗೆ ದಿಢೀರನೆ ಉಸಿರು ಸಿಕ್ಕದಂತಾಗಿ, ಕೆಮ್ಮು ಬಂದು, ಎದೆ ಹಿಡಿದುಕೊಳ್ಳುತ್ತದೆ, ರಕ್ತದೊತ್ತಡ ಮತ್ತು ಆಮ್ಲಜನಕದ ಅಂಶ ಕುಸಿಯುತ್ತವೆ, ಪ್ರಜ್ಞೆ ಮಸುಕಾಗುತ್ತದೆ. ಉಬ್ಬಸದಿಂದ ಆತ ಬಾಯ್ತೆರೆದು ಜೋರಾಗಿ ಉಸಿರೆಳೆದಾಗ ಎದೆಯ ಒತ್ತಡ ಇನ್ನೂ ತಗ್ಗಿ, ರಂಧ್ರ ತೆರೆದೇ ಇದ್ದರೆ ಇನ್ನಷ್ಟು ಗಾಳಿ ನುಗ್ಗುತ್ತದೆ. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಹೃದಯದ ಮೇಲಿನ ಎರಡು ಕೋಣೆಗಳ ನಡುವೆ ಹುಟ್ಟಿನಿಂದ ಉಳಿದ ಸಣ್ಣ ಕಿಂಡಿ ಇರುತ್ತದೆ. ಅಂಥವರಲ್ಲಿ ಗುಳ್ಳೆಗಳು ಎಡಭಾಗಕ್ಕೆ ದಾಟಿ ಮೆದುಳಿಗೇರಿ ಪಾರ್ಶ್ವವಾಯು ತರಬಹುದು. ಗಾಳಿ ನುಗ್ಗುವ ಈ ತೊಂದರೆ (ಗಾಳಿ ಎಂಬಾಲಿಸಮ್) ನಳಿಕೆ ಎಳೆದ ಗಳಿಗೆಯಲ್ಲೇ ಬರಬೇಕೆಂದಿಲ್ಲ. ಬರೀ ಒಣ ಗಾಜ್ ಬಟ್ಟೆ ಅಂಟಿಸಿ, ರೋಗಿಯನ್ನು ಎಬ್ಬಿಸಿ ಶೌಚಾಲಯಕ್ಕೆ ಕಳಿಸಿದ ಮೇಲೂ ಬರಬಹುದು. ಅಮೆರಿಕದ ಸರ್ಕಾರಿ ವಿಮೆಯಾದ ಮೆಡಿಕೇರ್ 2008ರ ಅಕ್ಟೋಬರಿನಿಂದ, ಆಸ್ಪತ್ರೆಯಲ್ಲೇ ಉಂಟಾದ ಗಾಳಿ ಎಂಬಾಲಿಸಮ್ಮಿಗೆ ಹೆಚ್ಚುವರಿ ಹಣ ಕೊಡುವುದನ್ನು ನಿಲ್ಲಿಸಿತು. ಇದು ಆಗಬಾರದ್ದು, ಆಗದಂತೆ ನೋಡಿಕೊಳ್ಳಬಹುದಾದ್ದು ಎಂಬುದೇ ಅದರ ಹಿಂದಿನ ತರ್ಕ.

ಹಾಸಿಗೆಯ ಪಕ್ಕದಲ್ಲಿ

ಕೆಲಸ ಶುರುವಾಗುವುದು ಕೇಸ್ ಶೀಟಿನಿಂದ. ಈ ನಳಿಕೆ ಯಾವ ಬಗೆಯದು, ಸುರಂಗವಿದೆಯೇ, ಚರ್ಮದ ಬಳಿ ಎಷ್ಟು ಸೆಂ.ಮೀ. ಗುರುತಿಗೆ ನಿಲ್ಲಿಸಿದ್ದರು, ಹಾಕುವಾಗ ತೊಡಕಾಗಿತ್ತೇ ಎಂದು ನೋಡಬೇಕು. ಪ್ಲೇಟ್‌ಲೆಟ್ ಎಣಿಕೆ, ರಕ್ತ ಹೆಪ್ಪುಗಟ್ಟುವ ಐಎನ್‌ಆರ್ ಪರೀಕ್ಷೆ, ಹೆಪಾರಿನ್‌ನಂಥ ಔಷಧಿ ನಡೆಯುತ್ತಿದೆಯೇ ಎಂಬುದು ಗೊತ್ತಿರಬೇಕು. ಈ ನಳಿಕೆಯಲ್ಲಿ ಇನ್ನೂ ಔಷಧಿ ಹರಿಯುತ್ತಿದ್ದರೆ ಬೇರೆ ಸಿರೆಯಲ್ಲಿ ದಾರಿ ಮಾಡಿಕೊಂಡ ಮೇಲೆಯೇ ಮುಂದುವರಿಯಬೇಕು. ಎಲ್ಲ ಡ್ರಿಪ್ ನಿಲ್ಲಿಸಿ, ನಳಿಕೆಯ ಪ್ರತಿ ಕವಲನ್ನೂ ಕ್ಲ್ಯಾಂಪ್ ಮಾಡಿರಬೇಕು; ತೆರೆದ ಕವಲೂ ಗಾಳಿಗೆ ಬಾಗಿಲೇ.

ಕತ್ತು ಅಥವಾ ಎದೆಯ ನಳಿಕೆಯಾದರೆ ರೋಗಿಯನ್ನು ಅಂಗಾತ ಮಲಗಿಸಿ, ದಿಂಬು ತೆಗೆದು, ಮಂಚದ ತಲೆಭಾಗವನ್ನು ತಗ್ಗಿಸುತ್ತಾರೆ. ನಳಿಕೆ ಹೊರಬರುವ ಜಾಗ ಹೃದಯದ ಮಟ್ಟಕ್ಕಿಂತ ಕೆಳಗಿರಬೇಕು. ಆಗ ಸಿರೆಯೊಳಗಿನ ಒತ್ತಡ ಹೊರಗಿನದಕ್ಕಿಂತ ಹೆಚ್ಚಿದ್ದು, ರಕ್ತ ಹೊರಬರಬಹುದೇ ಹೊರತು ಗಾಳಿ ಒಳಹೋಗದು. ಮಲಗಿದರೆ ಉಸಿರು ಕಟ್ಟುವ ಹೃದ್ರೋಗಿಗಳಿಗೆ, ತಲೆಬುರುಡೆಯೊಳಗಿನ ಒತ್ತಡ ಏರಿರುವವರಿಗೆ ತಲೆ ತಗ್ಗಿಸುವುದು ಆಗದು. ಅವರನ್ನು ಸಹಿಸುವಷ್ಟು ಮಟ್ಟಿಗೆ ಚಪ್ಪಟೆ ಮಲಗಿಸಿ, ವೈದ್ಯರೇ ಎದುರು ನಿಂತು ತೆಗೆಸುವುದು ಲೇಸು.

ಆಮೇಲೆ ಬರುವುದು ಉಸಿರಿನ ಪಾಠ. ಇಲ್ಲಿ ಒಂದು ಸಣ್ಣ ತಪ್ಪು ಮತ್ತೆ ಮತ್ತೆ ನಡೆಯುತ್ತದೆ. ನಳಿಕೆಗೆ ಕೈ ಹಾಕಿಕೊಂಡೇ ‘ಉಸಿರು ಬಿಗಿ ಹಿಡೀರಿ’ ಎಂದುಬಿಟ್ಟರೆ, ರೋಗಿ ಮೊದಲು ಮಾಡುವುದೇ ಜೋರಾಗಿ ಉಸಿರನ್ನು ಒಳಗೆಳೆದುಕೊಳ್ಳುವುದು. ಎಳೆಯಲು ಅತ್ಯಂತ ಕೆಟ್ಟ ಗಳಿಗೆ ಅದೇ. ಆದ್ದರಿಂದ ನಳಿಕೆ ಮುಟ್ಟುವ ಮೊದಲೇ ಎರಡು ಬಾರಿ ಅಭ್ಯಾಸ ಮಾಡಿಸಬೇಕು: ‘ಉಸಿರು ತಗೊಳ್ಳಿ, ಈಗ ಬಾಯಿ ಮುಚ್ಚಿ ಮುಕ್ಕಿ, ಹಾಗೇ ಇರಿ.’ ಮುಕ್ಕುತ್ತಿರುವುದು ಖಚಿತವಾದ ಮೇಲೆ ಮಾತ್ರ ಎಳೆಯಬೇಕು. ಮುಕ್ಕಲಾಗದವರಿಗೆ ‘ಹೂಂ…’ ಎಂದು ಉದ್ದಕ್ಕೆ ಗುನುಗಲು ಹೇಳಬಹುದು. ಗುನುಗುವಾಗ ಉಸಿರು ಹೊರಗೇ ಹೋಗುತ್ತಿರುತ್ತದೆ. ಹೇಳಿದ್ದು ಅರ್ಥವಾಗದ ಸ್ಥಿತಿಯಲ್ಲಿದ್ದರೆ ಎದೆಯ ಏರಿಳಿತ ನೋಡಿಕೊಂಡು, ಉಸಿರು ಬಿಡುವ ಹೊತ್ತಿಗೆ ತೆಗೆಯಬೇಕು. ವೆಂಟಿಲೇಟರಿನಲ್ಲಿರುವವರಲ್ಲಿ ಲೆಕ್ಕ ತಿರುವುಮುರುವು: ಯಂತ್ರ ಗಾಳಿ ಒತ್ತುವಾಗಲೇ ಎದೆಯ ಒತ್ತಡ ಹೆಚ್ಚಿರುವುದರಿಂದ ಆಗ ಎಳೆಯಬೇಕು. ಬೆಂಗಳೂರಿನಂಥ ಊರಿನ ವಾರ್ಡಿನಲ್ಲಿ ರೋಗಿಗೆ ಬರುವ ಭಾಷೆ ಸಿಸ್ಟರ್‌ಗೆ ಬಾರದಿರುವುದು ದಿನದ ಮಾತು. ಹಾಗಿದ್ದಾಗ ತಾವೇ ಮಾಡಿ ತೋರಿಸಿ, ಅವರಿಂದ ಮಾಡಿಸಿ ನೋಡದೆ ಮುಂದೆ ಹೋಗಬಾರದು.

ಕೈ ತೊಳೆದು, ಹಳೆಯ ಡ್ರೆಸಿಂಗ್ ಬಿಚ್ಚಿ, ಕ್ಲೋರ್‌ಹೆಕ್ಸಿಡಿನ್‌ನಿಂದ ಜಾಗ ಒರೆಸಿ, ಸ್ಟೆರೈಲ್ ಗ್ಲೌಸ್ ತೊಟ್ಟು ಹೊಲಿಗೆ ಕತ್ತರಿಸುತ್ತಾರೆ. ಕತ್ತರಿಯ ಬಾಯಿ ನಳಿಕೆಗೆ ತಾಗಿದರೆ ಅದೇ ತುಂಡಾಗಿ ಒಳಜಾರಬಹುದು. ಹೊಲಿಗೆ ಬಿಚ್ಚುವ ಸಣ್ಣ ಬ್ಲೇಡಿನಿಂದ, ದಾರವನ್ನು ನಳಿಕೆಯಿಂದ ಎತ್ತಿ ಹಿಡಿದು ಕತ್ತರಿಸುವುದು ಕ್ಷೇಮ. ಒಂದು ಕೈಯಲ್ಲಿ ಗಾಜ್ ಒತ್ತಿಹಿಡಿದಿರುವಾಗಲೇ ಇನ್ನೊಂದು ಕೈ ನಳಿಕೆಯನ್ನು ತಡೆಯಿಲ್ಲದ ಒಂದೇ ಎಳೆತದಲ್ಲಿ ಹೊರತರಬೇಕು. ತುದಿ ಹೊರಬಿದ್ದ ಕ್ಷಣಕ್ಕೂ ಒತ್ತಡ ಬೀಳುವ ಕ್ಷಣಕ್ಕೂ ನಡುವೆ ಬಿಡುವಿರಬಾರದು. ಉಜ್ಜದೆ, ‘ನಿಂತಿತೇ’ ಎಂದು ನಡುನಡುವೆ ಎತ್ತಿ ನೋಡದೆ, ಕನಿಷ್ಠ ಐದು ನಿಮಿಷ ಒತ್ತಿ ಹಿಡಿಯಬೇಕು. ಡಯಾಲಿಸಿಸ್ ನಳಿಕೆಗೆ ಹತ್ತು ನಿಮಿಷ ಅಥವಾ ಇನ್ನೂ ಹೆಚ್ಚು ಬೇಕಾದೀತು.

ರಕ್ತ ನಿಂತ ಮೇಲೆ ಹಾಕುವ ಡ್ರೆಸಿಂಗಿನಲ್ಲೇ ಅನೇಕ ಕಡೆ ಎಡವುತ್ತಾರೆ. ಒಣ ಗಾಜ್ ಮತ್ತು ಪ್ಲಾಸ್ಟರ್ ರಕ್ತವನ್ನು ಹೀರುತ್ತವೆ, ಗಾಳಿಯನ್ನು ತಡೆಯುವುದಿಲ್ಲ. ವ್ಯಾಸಲೀನ್ ಸವರಿದ ಗಾಜ್ ಬಟ್ಟೆಯನ್ನು ರಂಧ್ರದ ಮೇಲಿಟ್ಟು, ಅದರ ಮೇಲೆ ಪಾರದರ್ಶಕ ಅಂಟುಪೊರೆ ಹಾಕಿ, ಗಾಳಿಯಾಡದಂತೆ ಮುಚ್ಚಬೇಕು. ಕನಿಷ್ಠ 24 ಗಂಟೆ ಅದನ್ನು ಬಿಚ್ಚಬಾರದು. ರೋಗಿ ಅರ್ಧ ಗಂಟೆ ಮಲಗಿಯೇ ಇರಬೇಕು. ದಿನ ಕಳೆದ ಮೇಲೆ ಬಿಚ್ಚಿ, ಚರ್ಮ ಕೂಡಿಕೊಂಡಿದೆಯೇ, ಕೀವಿದೆಯೇ ನೋಡಿ, ಬೇಕಾದರೆ ಮತ್ತೆ ಮುಚ್ಚುತ್ತಾರೆ.

ಇಷ್ಟಾಗಿಯೂ ಗಾಳಿ ಹೊಕ್ಕ ಲಕ್ಷಣ ಕಂಡರೆ ಮೊದಲ ಕೆಲಸ ರಂಧ್ರವನ್ನು ಬೆರಳಿನಿಂದಲೇ ಒತ್ತಿ ಮುಚ್ಚುವುದು. ರೋಗಿಯನ್ನು ಎಡಮಗ್ಗುಲಿಗೆ ಹೊರಳಿಸಿ ತಲೆ ತಗ್ಗಿಸಿದರೆ ಗಾಳಿ ಹೃತ್ಕುಕ್ಷಿಯ ಹೊರದಾರಿಯಿಂದ ಸರಿಯಬಹುದೆಂದು 1947ರಲ್ಲಿ ಡ್ಯುರಾಂಟ್ ಮತ್ತು ಸಂಗಡಿಗರು ಸೂಚಿಸಿದ್ದರು. ಆ ಭಂಗಿಗೆ ಇಂದಿಗೂ ಅವರದೇ ಹೆಸರು. ನೂರಕ್ಕೆ ನೂರು ಆಮ್ಲಜನಕ ಕೊಟ್ಟರೆ ಗುಳ್ಳೆಯೊಳಗಿನ ಸಾರಜನಕ ರಕ್ತಕ್ಕೆ ಕರಗಿ ಗುಳ್ಳೆ ಕುಗ್ಗುತ್ತದೆ. ಹೃದಯ ನಿಂತರೆ ಭಂಗಿಯ ಯೋಚನೆ ಬಿಟ್ಟು ಅಂಗಾತ ಮಲಗಿಸಿ ಎದೆಯೊತ್ತು ಶುರುಮಾಡಬೇಕು. ಮೆದುಳಿಗೆ ಗಾಳಿ ಹೋಗಿದ್ದರೆ ಅಧಿಕ ಒತ್ತಡದ ಆಮ್ಲಜನಕ ಕೋಣೆಯ ಚಿಕಿತ್ಸೆ ಉಪಯುಕ್ತ, ಆದರೆ ಆ ಸೌಲಭ್ಯವಿರುವ ಆಸ್ಪತ್ರೆಗಳು ವಿರಳ.

ರಕ್ತಸ್ರಾವ ಮತ್ತು ತಪ್ಪು ನಾಳ

ತೊಡೆಸಂದಿನ ನಳಿಕೆಯಲ್ಲಿ ಗಾಳಿಯ ಭಯ ಕಡಿಮೆ, ರಕ್ತಸ್ರಾವದ್ದು ಹೆಚ್ಚು. ಹೊರಗೆ ಒಂದು ಹನಿಯೂ ಕಾಣದೆ ತೊಡೆಯೊಳಗೆ ರಕ್ತ ಕಟ್ಟಬಹುದು. ಕಾಲು ಮಡಿಸದೆ ಚಾಚಿ ಮಲಗಿದ್ದು, ಊತ ಬರುತ್ತಿದೆಯೇ ಎಂದು ಆಗಾಗ ಮುಟ್ಟಿ ನೋಡುತ್ತಿರಬೇಕು. ಪ್ಲೇಟ್‌ಲೆಟ್ ತೀರ ಕುಸಿದಿದ್ದರೆ ತೆಗೆಯುವ ಸಮಯವನ್ನು ವೈದ್ಯರು ನಿರ್ಧರಿಸಬೇಕು. ಹೆಪಾರಿನ್ ಕೊಟ್ಟು ಡಯಾಲಿಸಿಸ್ ಮಾಡಿದ ತಕ್ಷಣ ನಳಿಕೆ ಎಳೆಯುವುದು ಜಾಣತನವಲ್ಲ.

ಇದಕ್ಕೂ ಗಂಭೀರವಾದುದು, ಅಭಿಧಮನಿಗೆಂದು ಹಾಕಿದ ದಪ್ಪ ನಳಿಕೆ ಅಪಧಮನಿಯಲ್ಲಿರುವುದು. ಗೊತ್ತಾದ ಕೂಡಲೇ ಗಾಬರಿಯಿಂದ ಎಳೆದು ಒತ್ತಿಹಿಡಿಯಲು ಕೈ ಹೋಗುವುದು ಸಹಜ. ಹಾಗೆ ಮಾಡಿದರೆ ಕತ್ತಿನಲ್ಲಿ ರಕ್ತ ಕಟ್ಟಿ ಉಸಿರಿನ ದಾರಿ ಒತ್ತಿಹೋಗಬಹುದು, ಪಾರ್ಶ್ವವಾಯು ಬಡಿಯಬಹುದು. ನಳಿಕೆಯನ್ನು ಇದ್ದಲ್ಲೇ ಬಿಟ್ಟು ರಕ್ತನಾಳದ ಶಸ್ತ್ರತಜ್ಞರನ್ನು ಕರೆಯುವುದೇ ಸರಿಯಾದ ದಾರಿ.

ಸಿಕ್ಕಿಕೊಂಡ ನಳಿಕೆ, ತುಂಡಾದ ನಳಿಕೆ

ಎಳೆದಾಗ ಬಾರದಿದ್ದರೆ ನಿಲ್ಲಿಸಬೇಕು. ಬಲ ಹಾಕಿದರೆ ನಳಿಕೆ ಹರಿಯುತ್ತದೆ ಇಲ್ಲವೇ ಸಿರೆ ಹರಿಯುತ್ತದೆ. ಬಿಡಿಸದೆ ಉಳಿದ ಹೊಲಿಗೆ, ಒಳಗೆ ಬಿದ್ದ ಗಂಟು, ಸಿರೆಯ ಗೋಡೆಗೆ ಅಂಟಿಸಿಬಿಟ್ಟ ಫೈಬ್ರಿನ್ ಪೊರೆ, ಇವುಗಳಲ್ಲಿ ಯಾವುದಾದರೂ ಕಾರಣವಿರಬಹುದು. ಎಕ್ಸ್‌ರೇ ತೆಗೆದರೆ ದಾರಿ ತಿಳಿಯುತ್ತದೆ. ತೋಳಿನಿಂದ ಹಾಕುವ ಪಿಕ್ ಲೈನಿನಲ್ಲಿ ಕಾರಣ ಬಹುಮಟ್ಟಿಗೆ ಸಿರೆಯ ಸೆಡೆತ. ಒಮ್ಮೆಗೆ ಎರಡು ಮೂರು ಸೆಂ.ಮೀ.ನಂತೆ, ಚರ್ಮದ ಹತ್ತಿರದಲ್ಲೇ ಹಿಡಿದು ಎಳೆಯುತ್ತ ಬರಬೇಕು. ಬಿಗಿಯಾದರೆ ತೋಳಿಗೆ ಬಿಸಿ ಬಟ್ಟೆಯ ಶಾಖ ಕೊಟ್ಟು, ಅರ್ಧ ಗಂಟೆ ಕಾದು ಮತ್ತೆ ನೋಡಿದರೆ ಸಾಮಾನ್ಯವಾಗಿ ಸಲೀಸಾಗಿ ಬರುತ್ತದೆ.

ಹೊರಬಂದ ನಳಿಕೆಯನ್ನು ಕಸದ ಡಬ್ಬಿಗೆ ಎಸೆಯುವ ಮೊದಲು ನೋಡಬೇಕು. ತುದಿ ನುಣುಪಾಗಿ, ತಯಾರಾದಂತೆಯೇ ಇದೆಯೇ? ಮೈಮೇಲಿನ ಸೆಂ.ಮೀ. ಗೆರೆಗಳ ಲೆಕ್ಕ ಸರಿಹೋಗುತ್ತದೆಯೇ? ತುದಿ ಜರ್ಜರಿತವಾಗಿದ್ದರೆ ಉಳಿದ ಚೂರು ಹೃದಯದಲ್ಲೋ ಶ್ವಾಸಕೋಶದ ಅಪಧಮನಿಯಲ್ಲೋ ಇರಬಹುದು. ನೋಡಿದ್ದನ್ನು ‘ತುದಿ ಪೂರ್ಣವಾಗಿದೆ’ ಎಂದು ಬರೆದಿಡುವ ಒಂದು ಸಾಲು ಮುಂದೆ ಎಷ್ಟೋ ಗೊಂದಲ ತಪ್ಪಿಸುತ್ತದೆ. ಕಾಲರ್ ಬೋನ್ ಮತ್ತು ಮೊದಲ ಪಕ್ಕೆಲುಬಿನ ಸಂದಿಯಲ್ಲಿ ಸಿಕ್ಕಿ ದಿನಾ ಅರೆಯಲ್ಪಡುವ ನಳಿಕೆ ಅಲ್ಲೇ ಸವೆದು ತುಂಡಾಗುವುದುಂಟು. ತೋಳಿನ ನಳಿಕೆ ಕಣ್ಣೆದುರೇ ತುಂಡಾಗಿ ಒಳಜಾರಿದರೆ ತೋಳಿನ ಮೇಲ್ಭಾಗಕ್ಕೆ ಪಟ್ಟಿ ಬಿಗಿಯಬೇಕು. ಮಣಿಕಟ್ಟಿನ ನಾಡಿ ಸಿಗುವಷ್ಟು ಮಾತ್ರ ಬಿಗಿ ಇರಲಿ. ಒಳಗುಳಿದ ಚೂರನ್ನು ಈಗ ತೊಡೆಯ ಸಿರೆಯಿಂದ ತಂತಿಯ ಕುಣಿಕೆ ಹಾಯಿಸಿ ಹಿಡಿದೆಳೆಯುತ್ತಾರೆ, ಹೆಚ್ಚಿನವರಿಗೆ ಎದೆ ತೆರೆಯುವ ಶಸ್ತ್ರಕ್ರಿಯೆ ಬೇಕಾಗದು.

ಸುರಂಗ ಮಾಡಿ ಹಾಕಿದ ಪರ್ಮ್‌ಕ್ಯಾತ್, ಹಿಕ್‌ಮನ್ ನಳಿಕೆಗಳನ್ನು ವಾರ್ಡಿನಲ್ಲಿ ಎಳೆಯುವಂತಿಲ್ಲ. ಅವುಗಳ ಸುತ್ತಲಿನ ಡೇಕ್ರಾನ್ ಪಟ್ಟಿಗೆ ಕೆಲವೇ ವಾರಗಳಲ್ಲಿ ಮಾಂಸ ಬೆಸೆದುಕೊಳ್ಳುತ್ತದೆ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಬಿಡಿಸಬೇಕು. ಚರ್ಮದ ರಂಧ್ರ ಎದೆಯಲ್ಲಿದ್ದರೂ ಸಿರೆಯ ರಂಧ್ರ ಕತ್ತಿನಲ್ಲಿರುವುದರಿಂದ ಎರಡೂ ಕಡೆ ಒತ್ತಬೇಕು, ಇದನ್ನು ಮರೆಯುವವರು ಬಹಳ. ಚರ್ಮದಡಿ ಹೂತಿಟ್ಟ ಕೀಮೋ ಪೋರ್ಟ್ ತೆಗೆಯುವುದು ಆಪರೇಷನ್ ಕೋಣೆಯ ಕೆಲಸ. ಹೃದಯದೊಳಗೆ ಒತ್ತಡ ಅಳೆಯುವ ಸ್ವಾನ್ ಗ್ಯಾಂಜ್ ಕ್ಯಾಥೆಟರಿನ ತುದಿಯ ಬಲೂನನ್ನು ಪೂರ್ತಿ ಇಳಿಸದೆ ಎಳೆಯಬಾರದು.

ಯಾವಾಗ ತೆಗೆಯಬೇಕು

ಬೇಡವಾದ ದಿನವೇ. ಒಳಗಿರುವ ಪ್ರತಿ ದಿನವೂ ರೋಗಾಣುಗಳು ರಕ್ತಕ್ಕೆ ಇಳಿಯುವ ಅವಕಾಶ. ಅಮೆರಿಕದ ಮಿಷಿಗನ್ ರಾಜ್ಯದ ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ಪೀಟರ್ ಪ್ರೊನೊವೋಸ್ಟ್ ತಂಡ ಐದು ಸರಳ ಅಭ್ಯಾಸಗಳನ್ನು ಜಾರಿಗೆ ತಂದು 2006ರಲ್ಲಿ ಫಲಿತಾಂಶ ಪ್ರಕಟಿಸಿತು: ಸಾವಿರ ಕ್ಯಾಥೆಟರ್ ದಿನಗಳಿಗೆ 2.7ರಷ್ಟಿದ್ದ ರಕ್ತಸೋಂಕಿನ ಮಧ್ಯಾಂಕ ಮೂರು ತಿಂಗಳೊಳಗೆ ಸೊನ್ನೆಗಿಳಿದಿತ್ತು. ಆ ಐದರಲ್ಲಿ ಒಂದು, ಬೇಡವಾದ ನಳಿಕೆಯನ್ನು ತೆಗೆಯುವುದು. ಬೆಳಗಿನ ರೌಂಡ್ಸಿನಲ್ಲಿ ‘ಈ ಲೈನ್ ಇವತ್ತೂ ಬೇಕೇ’ ಎಂದು ಕೇಳುವ ಪದ್ಧತಿ ಹರಡಲು ಇದೂ ಕಾರಣವಾಯಿತು. ಹಾಗೆಂದು ‘ಏಳು ದಿನವಾಯಿತು’ ಎಂದು ಕ್ಯಾಲೆಂಡರ್ ನೋಡಿ ಬದಲಿಸುವುದರಿಂದ ಸೋಂಕು ತಗ್ಗುವುದಿಲ್ಲ. ತುರ್ತಿನಲ್ಲಿ ಶುದ್ಧತೆ ಪಾಲಿಸಲಾಗದೆ ಹಾಕಿದ್ದನ್ನು ಮಾತ್ರ 48 ಗಂಟೆಯೊಳಗೆ ಬದಲಿಸಬೇಕೆಂದು ಅಮೆರಿಕದ ರೋಗನಿಯಂತ್ರಣ ಕೇಂದ್ರದ 2011ರ ಮಾರ್ಗಸೂಚಿ ಹೇಳುತ್ತದೆ. ರಕ್ತದಲ್ಲಿ ಸ್ಟೆಫಿಲೊಕಾಕಸ್ ಆರಿಯಸ್ ಅಥವಾ ಕ್ಯಾಂಡಿಡಾ ಕಂಡರೆ ಅಲ್ಪಾವಧಿಯ ನಳಿಕೆ ಹೊರಬರಲೇಬೇಕು. ತುದಿಯನ್ನು ಕಲ್ಚರ್‌ಗೆ ಕಳಿಸುವುದು ಸೋಂಕಿನ ಅನುಮಾನವಿದ್ದಾಗ ಮಾತ್ರ. 5 ಸೆಂ.ಮೀ. ತುದಿಯನ್ನು ತಟ್ಟೆಯ ಮೇಲೆ ಉರುಳಿಸಿ 15 ಅಥವಾ ಹೆಚ್ಚು ರೋಗಾಣು ಗುಂಪು ಎಣಿಸುವ ವಿಧಾನವನ್ನು ಡೆನಿಸ್ ಮಾಕಿ 1977ರಲ್ಲಿ ರೂಪಿಸಿದರು.

ಮನೆಯವರು ತಿಳಿದಿರಬೇಕಾದ್ದು

ಕರ್ನಾಟಕದಲ್ಲಿ ಡಯಾಲಿಸಿಸ್ ಈಗ ತಾಲ್ಲೂಕು ಆಸ್ಪತ್ರೆಗಳವರೆಗೆ ಬಂದಿದೆ. ಡಯಾಲಿಸಿಸ್‌ಗೆಂದು ಕೈಯ ರಕ್ತನಾಳಗಳನ್ನು ಜೋಡಿಸಿ ಮಾಡುವ ಫಿಸ್ಟುಲಾ ಬಲಿಯಲು ವಾರಗಳೇ ಹಿಡಿಯುವುದರಿಂದ, ಅಲ್ಲಿಯವರೆಗೆ ಕತ್ತಿನ ನಳಿಕೆಯೊಂದಿಗೇ ಬಸ್ಸು ಹತ್ತಿ ಊರಿಗೂ ಆಸ್ಪತ್ರೆಗೂ ಓಡಾಡುವವರಿದ್ದಾರೆ. ನಿದ್ದೆಯಲ್ಲಿ, ಅಂಗಿ ಬದಲಿಸುವಾಗ, ನೂಕುನುಗ್ಗಲಿನಲ್ಲಿ ಅದು ಕಿತ್ತು ಬರಬಹುದು. ಐಸಿಯುವಿನಲ್ಲಿ ಪ್ರಜ್ಞೆ ಮಸುಕಾಗಿ ಕನವರಿಸುವ ರೋಗಿ ತಾನೇ ಕಿತ್ತುಕೊಳ್ಳುವುದೂ ಉಂಟು. ಕಿತ್ತು ಬಂದರೆ ಒಡನೆಯೇ ರೋಗಿಯನ್ನು ನೆಲದ ಮೇಲಾದರೂ ಸರಿ ಅಂಗಾತ ಮಲಗಿಸಿ, ಶುದ್ಧ ಬಟ್ಟೆ ಸಿಕ್ಕರೆ ಬಟ್ಟೆ, ಇಲ್ಲದಿದ್ದರೆ ಬರಿ ಬೆರಳಿನಿಂದ ರಂಧ್ರವನ್ನು ಬಲವಾಗಿ ಒತ್ತಬೇಕು. 108ಕ್ಕೆ ಕರೆ ಮಾಡಿ, ಆಂಬ್ಯುಲೆನ್ಸಿನಲ್ಲೂ ಮಲಗಿಸಿಯೇ, ಒತ್ತಿಹಿಡಿದೇ ಒಯ್ಯಬೇಕು. ನೀರು ಕುಡಿಸಲೆಂದು ಎಬ್ಬಿಸಿ ಕೂರಿಸಬಾರದು. ಜಾರಿದ ನಳಿಕೆಯನ್ನು ಮತ್ತೆ ಒಳಕ್ಕೆ ತಳ್ಳಬಾರದು. ಕಿತ್ತು ಬಂದ ನಳಿಕೆಯನ್ನು ಎಸೆಯದೆ ಜೊತೆಗೆ ತಂದರೆ ತುದಿ ಪೂರ್ತಿಯಿದೆಯೇ ಎಂದು ವೈದ್ಯರು ನೋಡಿಕೊಳ್ಳುತ್ತಾರೆ.

ಆಸ್ಪತ್ರೆಯಲ್ಲಿ ನಳಿಕೆ ತೆಗೆಸಿಕೊಂಡವರು ಆ ದಿನ ಭಾರ ಎತ್ತಬಾರದು, ಡ್ರೆಸಿಂಗ್ ನೆನೆಸಬಾರದು. ಜ್ವರ, ಚಳಿ, ಕತ್ತು ಅಥವಾ ತೋಳಿನ ಊತ, ಏದುಸಿರು ಕಂಡರೆ ಮರಳಿ ಬರಬೇಕು. ತೆಗೆದ ಮೊದಲ ಅರ್ಧ ಗಂಟೆಯಲ್ಲಿ ಬಿಲ್ಲು ಕಟ್ಟಲೆಂದೋ ಬಟ್ಟೆ ಬದಲಿಸಲೆಂದೋ ಯಾರೇ ಎಬ್ಬಿಸಲು ಬಂದರೂ, ಪಕ್ಕದಲ್ಲಿರುವ ಮನೆಯವರು ‘ಇನ್ನೂ ಸಮಯವಾಗಿಲ್ಲ’ ಎಂದು ಧೈರ್ಯವಾಗಿ ಹೇಳಿ, ರೋಗಿಯನ್ನು ಮಲಗಿಸಿಯೇ ಇಟ್ಟುಕೊಳ್ಳಲಿ.